ಉಷ್ಣ

ನೆಲಮಾಳಿಗೆಯಲ್ಲಿ ನನ್ನ ಕೆಲಸ. ಮೇಲೆ ಹೊಸೂರು ರಸ್ತೆ.
ಬಸ್ಸು ಹೋದಾಗಲೆಲ್ಲ ಟ್ಯೂಬುಗಳ ಸ್ಟ್ಯಾಂಡು
ನಿದ್ದೆಯಲ್ಲಿ ಹಲ್ಲು ಕಡಿಯುವವರ ಹಾಗೆ ಸದ್ದು ಮಾಡುತ್ತದೆ.
ಇಲ್ಲಿಗೆ ಮುಖಗಳು ಬರುವುದಿಲ್ಲ.
ಬರುವುದು ತಿಳಿಗುಲಾಬಿ ದ್ರವದಲ್ಲಿ ಮುಳುಗಿದ ಹತ್ತಿಕಡ್ಡಿ,
ಬಾರ್‌ಕೋಡು, ವಯಸ್ಸು,
ಮತ್ತು ದೂರು ಎಂಬ ಕಾಲಮ್ಮಿನಲ್ಲಿ
ನರ್ಸ್ ಫಿಲೋಮಿನಾಳ ದುಂಡಕ್ಷರ:
ಬಿಳಿಸೆರಗು.

ಯಾರಿಟ್ಟರೋ ಈ ಹೆಸರು.
ಉಟ್ಟವಳಿಗೆ ಬೇಡದ, ಒಗೆದರೂ ಹೋಗದ,
ತಂತಿಯ ಮೇಲೆ ಟವೆಲ್ಲಿನಡಿ ಕದ್ದು ಒಣಗುವ ಸೆರಗು.
ಉಷ್ಣ ಆಗಿದೆ ಅನ್ನುತ್ತಾರೆ, ಬೇರೇನೂ ಅನ್ನುವುದಿಲ್ಲ.
ನೆನೆಸಿದ ಮೆಂತ್ಯ, ಕಾಮಕಸ್ತೂರಿ ಬೀಜ,
ಹೊಕ್ಕುಳಿಗೆ ಹರಳೆಣ್ಣೆ.
ಇಷ್ಟೆಲ್ಲ ಆಗಿ, ಎರಡು ವರ್ಷವೂ ಆಗಿ,
ಕೊನೆಗೊಂದು ದಿನ ರಜೆ, ಸಂಬಳ ಕಟ್.

ನಿಜವಾದ ಉಷ್ಣ ಇರುವುದು ನನ್ನ ಯಂತ್ರದೊಳಗೆ.
ತೊಂಬತ್ತೈದು ಡಿಗ್ರಿಗೆ ಜಡೆ ಬಿಚ್ಚಿಕೊಳ್ಳುತ್ತದೆ,
ಎಳೆ ಬೇರೆ ಎಳೆ ಬೇರೆ.
ಅರವತ್ತಕ್ಕೆ ಇಳಿಸಿದರೆ
ಒಂದೊಂದು ಎಳೆಯ ಪಕ್ಕಕ್ಕೂ ಹೊಸ ಜೊತೆ ಹೆಣೆದುಕೊಳ್ಳುತ್ತದೆ.
ಮತ್ತೆ ಕಾಯಿಸು. ಮತ್ತೆ ಆರಿಸು.
ಒಂದು ಎರಡಾಗಿ, ಎರಡು ನಾಲ್ಕಾಗಿ, ನಲವತ್ತು ಸುತ್ತು,
ಸೂಜಿಮೊನೆಯಷ್ಟೂ ಇರದಿದ್ದದ್ದು
ಪರದೆಯ ಮೇಲೆ ಎದ್ದು ನಿಲ್ಲುವ ತನಕ.

ನೂರಾ ಹದಿನೇಳು. ಮುನಿತಾಯಿ, ಮೂವತ್ತೊಂದು,
ಬೊಮ್ಮನಹಳ್ಳಿ, ಕಾಲರ್ ಸೆಕ್ಷನ್.
ಗಂಟೆಗೆ ಎಂಬತ್ತು ಕಾಲರ್. ಟಾಯ್ಲೆಟ್ಟಿಗೆ ಟೋಕನ್ನು,
ಅದಕ್ಕೇ ಬೆಳಗಿಂದ ನೀರು ಕುಡಿಯುವುದಿಲ್ಲ.
ಇದೂ ಫಿಲೋಮಿನಾಳ ಅಕ್ಷರವೇ,
ಕಾಲಮ್ಮಿನ ಹೊರಗೆ, ಪೆನ್ಸಿಲ್ಲಿನಲ್ಲಿ.

ಎರಡು ಗೆರೆ ಎದ್ದವು ಅವಳ ನಂಬರಿಗೆ.
ಒಂದು, ಮೊದಲಿಂದ ಒಳಗೇ ಇದ್ದು
ನೆರೆಹೊರೆ ಚದುರಿದಾಗ ತಲೆಯೆತ್ತಿದ್ದು.
ಇನ್ನೊಂದು ಹೊರಗಿಂದ ಬಂದದ್ದು,
ಇಪ್ಪತ್ತಮೂರನೇ ಸುತ್ತಿಗೇ,
ಬಾಗಿಲು ತಟ್ಟದೆ ಒಳಬರುವ ಮನೆಯವನ ಹಾಗೆ.
ಕೊನೆಯ ಕುಳಿಯಲ್ಲಿ ಬರೀ ನೀರು.
ಸುಳ್ಳು ಹಿಡಿಯಲು ಅದನ್ನೂ ಪ್ರತಿಸಲ ಓಡಿಸುತ್ತೇವೆ.
ಅದರ ಗೆರೆ ಮಲಗಿಯೇ ಇತ್ತು.
ಅಂದರೆ ನಿಜ.

ಇಂಥ ಹೊತ್ತಲ್ಲಿ ದೊಡ್ಡಮ್ಮ ನೆನಪಾಗುತ್ತಾಳೆ.
ಕಾಟನ್‌ಪೇಟೆಯ ವಠಾರದಲ್ಲಿ
ಯಾರ ಸೀಮಂತಕ್ಕೂ ಕರೆಯದ ದೊಡ್ಡಮ್ಮ.
ನಾಗರಕಲ್ಲು ಸುತ್ತಿ ಸುತ್ತಿ ಪಾದ ಸವೆಸಿದವಳು.
ದೊಡ್ಡಪ್ಪನದು ಲಾರಿ, ತಿಂಗಳಿಗೆ ಇಪ್ಪತ್ತು ದಿನ ಊರಾಚೆ.
ಒಳಗಿನ ಕೊಳವೆ ಮುಚ್ಚಿದ್ದು ಹೀಗೇ ಇರಬಹುದು.
ಇಲ್ಲದೆಯೂ ಇರಬಹುದು.
ಸ್ಯಾಂಪಲ್ ಇಲ್ಲದೆ ರಿಪೋರ್ಟ್ ಬರೆಯುವವಳಲ್ಲ ನಾನು.

ಶನಿವಾರ ಕೌನ್ಸೆಲರ್ ಇರಲಿಲ್ಲ, ನನ್ನನ್ನೇ ಮೇಲೆ ಕರೆದರು.
ಮೊದಲ ಸಲ ಒಂದು ಬಾರ್‌ಕೋಡಿಗೆ ಮೂಗುಬೊಟ್ಟು ಕಂಡೆ,
ತೋರುಬೆರಳಲ್ಲಿ ಸೂಜಿ ಹೊಕ್ಕು ಹೊರಟ ಕಲೆ.
"ಇದಕ್ಕೆ ಕನ್ನಡದಾಗೆ ಏನಂತಾರೆ?"
ಹುಡುಕಿದೆ. ಸೆರಗು, ಉಷ್ಣ, ದೋಷ, ಗ್ರಹಚಾರ.
ಹುಳ, ಅಂದೆ.
ತಪ್ಪು. ಆದರೆ ಅವಳಿಗೆ ಅರ್ಥವಾಯಿತು.

"ಅವರೂ ಮಾತ್ರೆ ನುಂಗಬೇಕು. ಏಳು ದಿನ, ಎರಡು ಹೊತ್ತು.
ಇಲ್ಲದಿದ್ದರೆ ವಾಪಸ್ ಬರುತ್ತೆ."
ಬಹಳ ಹೊತ್ತು ಸುಮ್ಮನಿದ್ದಳು. ಅಳುತ್ತಾಳೆ ಅಂದುಕೊಂಡೆ.
ಲೆಕ್ಕ ಹಾಕುತ್ತಿದ್ದಳು.
"ಹದಿನಾಲ್ಕು ಮುದ್ದೆ," ಅಂದಳು.
"ಮುದ್ದೇನ ಯಾರು ಅಗೀತಾರೆ ಮೇಡಂ,
ನುಂಗೋದೇ ಅಲ್ವಾ."

ಹಾಗೆಲ್ಲ ಮಾಡಬಾರದು, ಹೇಳಿಯೇ ಕೊಡಬೇಕು,
ಗೋಡೆಯ ಮೇಲಿದ್ದ ನಿಯಮ ಓದಿ ಹೇಳಿದೆ.
"ಹೇಳಿದ್ರೆ ಹೊಡೀತಾನೆ. ನೀವು ಬರ್ತೀರಾ ಹೇಳೋಕೆ?"

ಕಿಟಕಿಯಾಚೆ ಬಸ್ಸು ಹೋಯಿತು.
ಕೆಳಗೆ ಟ್ಯೂಬುಗಳು ಕಡಿದುಕೊಂಡಿರಬೇಕು ಹಲ್ಲು.
ಭಾನುವಾರ ಒಂದೇ ನನಗೂ ರಜೆ.
"ಎಷ್ಟನೇ ಕ್ರಾಸು?" ಅಂದೆ,
ಪೆನ್ಸಿಲ್ಲು ತೆಗೆದೆ.